ಭಾವನ ಬಾಹ್ಯಾಕಾಶ

ನಮ್ಮ ಭಾವನಿಗೆ ಕಾರು ರಿವರ್ಸ್ ತೆಗೆಯಲು ಬರುವುದಿಲ್ಲ. ಇಪ್ಪತ್ತು ವರ್ಷದಿಂದ ಅದೇ ಮನೆ, ಅದೇ ಗೇಟು. ಆದರೂ ಪ್ರತಿ ಬೆಳಿಗ್ಗೆ ನಮ್ಮಕ್ಕ ಹಿಂದೆ ನಿಂತು ಕೈ ಆಡಿಸಬೇಕು. ಅವಳು ಎಡಕ್ಕೆ ಅಂದರೆ ಇವರು ಬಲಕ್ಕೆ ತಿರುಗಿಸಿ, ಗೇಟಿನ ಕಂಬಕ್ಕೆ ಒಂದು ಮುತ್ತು ಕೊಟ್ಟು, ಕಂಬವನ್ನೇ ಬೈದುಕೊಂಡು ಆಫೀಸಿಗೆ ಹೋಗುತ್ತಾರೆ. ವಿಮಾ ಕಚೇರಿಯಲ್ಲಿ ಹಿರಿಯ ಗುಮಾಸ್ತರು. ಅದರಲ್ಲೂ ಅಪಘಾತವಾದ ವಾಹನಗಳ ಅರ್ಜಿ ನೋಡುವ ವಿಭಾಗ. ಇಂಥವರು ಸಂಜೆ ಐದೂವರೆಗೆ ಮನೆಗೆ ಬಂದು, ಮುಖ ತೊಳೆದು, ಹಿಂದಿನ ಕೋಣೆ ಹೊಕ್ಕು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡರೆ ಸಾಕು, ಹನ್ನೆರಡು ಆಕಾಶನೌಕೆಗಳ ದಂಡಿಗೆ ಕಮಾಂಡರ್.

ನಾನು ಬಸ್ ಡ್ರೈವರ್. ಇಪ್ಪತ್ತಾರು ವರ್ಷದ ಸರ್ವಿಸು, ಒಂದೇ ಡಿಪೋ. ಹೋದ ವರ್ಷ ನನ್ನ ಬಲಗಡೆಯ ಮೊಣಕಾಲು ಕೈಕೊಟ್ಟಿತು. ಬ್ರೇಕ್ ಒತ್ತಿ ಒತ್ತಿ ಒಳಗೆ ಸವೆದಿದೆ ಎಂದು ಡಾಕ್ಟರು ಆಪರೇಷನ್ ಮಾಡಿ ಆರು ವಾರ ರಜೆ ಬರೆದುಕೊಟ್ಟರು. ನಾನಿರುವುದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಜೊತೆಗೂ ಯಾರಿಲ್ಲ. ಅಕ್ಕ ಬಂದು ನನ್ನ ಬಟ್ಟೆಯನ್ನೆಲ್ಲ ಒಂದು ಚೀಲಕ್ಕೆ ತುರುಕಿ, "ಸುಮ್ನೆ ನಡಿ" ಅಂದಳು. ನಡೆಯಲು ಬರುವಂತಿದ್ದರೆ ಅವಳ ಮನೆಗೆ ಯಾಕೆ ಹೋಗುತ್ತಿದ್ದೆ?

ರಜೆಗೆ ಹೊರಡುವ ದಿನ ಮೀಸೆ ಡಿಪೋ ಬಾಗಿಲವರೆಗೂ ಬಂದಿದ್ದರು. ಮೀಸೆ ಅಂದರೆ ನನ್ನ ರೂಟಿನ ಇನ್ನೊಬ್ಬ ಡ್ರೈವರು. ಮೀಸೆ ಬೋಳಿಸಿ ಹತ್ತು ವರ್ಷವಾದರೂ ಆ ಹೆಸರು ಹೋಗಿಲ್ಲ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. "ರೂಟು ನಾನು ನೋಡ್ಕೋತೀನಿ. ನೀವು ಬಂದ್ಮೇಲೆ ನಾನು ರಜ ತಗೋತೀನಿ. ಮಗಳಿಗೆ ಮಗುವಾಗಿದೆ, ಹೋಗಿ ನೋಡ್ಬೇಕು" ಅಂದರು. ಅವರ ಲೆಕ್ಕದಲ್ಲಿ ಅದೇ ಒಂದು ಭಾಷಣ.

ಅಕ್ಕ ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಬಾಯಲ್ಲಿ ಯಾವಾಗಲೂ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡಿರುವುದರಿಂದ ಅವಳ ಮಾತೆಲ್ಲ ಹಲ್ಲಿನ ಸಂದಿಯಿಂದಲೇ ಬರುತ್ತದೆ. ಬೆನ್ನಿಗೆ ಆಧಾರವಿರುವ ಎತ್ತರದ ಕುರ್ಚಿಯಲ್ಲಿ ಕಾಲು ಚಾಚಿ ಕೂರಬೇಕು ಎಂದು ಡಾಕ್ಟರು ಹೇಳಿದ್ದರು. ಅಂಥ ಕುರ್ಚಿ ಆ ಮನೆಯಲ್ಲಿದ್ದದ್ದು ಒಂದೇ, ಭಾವನ ಆಕಾಶದ ಕೋಣೆಯಲ್ಲಿ.

ಆ ಕೋಣೆ ನೋಡಿದರೆ ನಗು ಬರುತ್ತಿತ್ತು. ಕಿಟಕಿಗೆ ಕಪ್ಪು ಬಟ್ಟೆ. ಮೇಜಿನ ಮೇಲೆ ಮೂರು ಪರದೆ. ಕುರ್ಚಿಯ ಎಡಗೈಗೊಂದು ಕೋಲು, ಬಲಗೈಗೊಂದು ಕೋಲು, ಕೆಳಗೆ ಎರಡು ಪೆಡಲು. ಗೋಡೆಯ ಮೊಳೆಗೆ ನೀಲಿ ಅಂಗಿಯೊಂದನ್ನು ನೇತುಹಾಕಿದ್ದರು, ಜೇಬಿನ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿಯ ಬಿಲ್ಲೆ. ಬಾಹ್ಯಾಕಾಶದ ಆ ಕಂಪ್ಯೂಟರ್ ಆಟಕ್ಕೆ ಕೂರುವಾಗ ಅದನ್ನು ತೊಟ್ಟುಕೊಳ್ಳುತ್ತಾರಂತೆ. ಬಿಲ್ಲೆ ಹೊಲಿದುಕೊಟ್ಟವಳು ಅಕ್ಕ. "ಯಾಕೆ ಹೊಲ್ಕೊಟ್ಟೆ?" ಅಂದೆ. "ಹೊಲೀದೇ ಇದ್ರೆ ಗಮ್ ಹಚ್ಚಿ ಅಂಟಿಸ್ತೀನಿ ಅಂದ್ರು. ಒಳ್ಳೇ ಬಟ್ಟೆ ಹಾಳಾಗೋದು" ಅಂದಳು.

ಮೊದಲ ವಾರ ಸಂಜೆ ಹೊತ್ತು ಅವರ ಪಕ್ಕ ಕೂತು ಆಟ ನೋಡಿದೆ. ಬೇರೇನೂ ಮಾಡಲು ಇರಲಿಲ್ಲ. ಕಪ್ಪು ಆಕಾಶ, ಚುಕ್ಕಿಗಳು, ನಡುವೆ ಗಿರಗಿರ ತಿರುಗುವ ದೊಡ್ಡದೊಂದು ನಿಲ್ದಾಣ. ಅದರ ಬಾಯಿ ಅಗಲವಾದ ಒಂದು ಸೀಳು. ನೌಕೆ ಅದರೊಳಗೆ ನುಗ್ಗಿ ತನ್ನ ಜಾಗದಲ್ಲಿ ಇಳಿಯಬೇಕು. ನಿಲ್ದಾಣ ಹತ್ತಿರವಾದಾಗ ಭಾವ ಒಂದು ಗುಂಡಿ ಒತ್ತಿ ಎರಡೂ ಕೈ ಬಿಟ್ಟು ಕುರ್ಚಿಗೆ ಒರಗಿದರು. ಒಳಗಿಂದ ಮೆಲುದನಿಯ ಸಂಗೀತ ಬಂತು. ನೌಕೆ ತಾನೇ ಒಳಗೆ ಹೋಗಿ, ತಾನೇ ಇಳಿದು, ತಾನೇ ನಿಂತಿತು.

"ಭಾವ, ಇದನ್ನ ನೀವು ಮಾಡಿದ್ರಾ, ಅದೇ ಮಾಡ್ಕೊಳ್ತಾ?"

"ಡಾಕಿಂಗ್ ಕಂಪ್ಯೂಟರ್. ಕಮಾಂಡರ್ ಆದವನು ಇಂಥ ಸಣ್ಣ ಕೆಲಸಕ್ಕೆಲ್ಲ ಕೈ ಹಾಕಬಾರದು."

"ಹಾಗಾದ್ರೆ ಗೇಟಿನ ಹತ್ರ ಅಕ್ಕನೇ ನಿಮ್ಮ ಡಾಕಿಂಗ್ ಕಂಪ್ಯೂಟರ್."

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಭಾವನ ಮುಖ ಕೆಂಪಾಯಿತು. "ನೀನೇ ಒಂದು ಖಾತೆ ತೆರೆದು ಆಡಿ ನೋಡು. ಬೆಳಿಗ್ಗೆಯೆಲ್ಲ ಯಂತ್ರ ಖಾಲೀನೇ ಇರತ್ತೆ. ಎರಡು ದಿನಕ್ಕೆ ಕೈಬಿಡ್ತೀಯ. ಇದು ಬಸ್ಸಲ್ಲ" ಅಂದರು.

ಆ ಕೊನೆಯ ಮಾತಿಗೆ ನನಗೆ ಉರಿದುಹೋಯಿತು.

ಮರುದಿನ ಅವರ ಕಾರು ಕಂಬಕ್ಕೆ ತಾಗಿದ ಸದ್ದು ಕೇಳಿದ ಕೂಡಲೇ ಹೋಗಿ ಕೂತೆ. ಆಟ ನನಗೆ ಹಳೆಯ ಡಬ್ಬದಂಥ ನೌಕೆಯೊಂದನ್ನು ಕೊಟ್ಟಿತು. ಮೊದಲ ಬೆಳಿಗ್ಗೆ ಒಂಬತ್ತು ಸಲ ಸತ್ತೆ. ನಿಲ್ದಾಣದ ಗೋಡೆಗೆ ಬಡಿದು ಐದು ಸಲ, ಬೇರೆಯವರ ನೌಕೆಗೆ ಗುದ್ದಿ ಮೂರು ಸಲ, ಇನ್ನೊಂದು ಸಲ ಹೇಗೆ ಸತ್ತೆನೋ ಇವತ್ತಿಗೂ ಗೊತ್ತಿಲ್ಲ. ಅಲ್ಲಿ ಬ್ರೇಕ್ ಎಂಬುದೇ ಇಲ್ಲ. ಒಮ್ಮೆ ತಳ್ಳಿದರೆ ಹೋಗುತ್ತಲೇ ಇರುತ್ತದೆ. ನಿಲ್ಲಿಸಬೇಕಾದರೆ ಎದುರಿನಿಂದ ಅಷ್ಟೇ ಜೋರಾಗಿ ತಳ್ಳಬೇಕು. ಬ್ರೇಕ್ ನಂಬಿಕೊಂಡು ಒಂದು ಮೊಣಕಾಲನ್ನೇ ಸವೆಸಿದವಳಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ? ದೊಡ್ಡವರು ಆಡುವ ಆಟವೇ ಇದು ಅಂತ ಮೂಗು ಮುರಿದು ಎದ್ದೆ. ಅರ್ಧ ಗಂಟೆ ಬಿಟ್ಟು ಮತ್ತೆ ಹೋಗಿ ಕೂತೆ.

ಮೂರನೇ ದಿನ ಒಂದು ವಿಷಯ ಹೊಳೆಯಿತು. ರಸ್ತೆ ಮೇಲೆ ಎಣ್ಣೆ ಚೆಲ್ಲಿದ್ದಾಗ ಬಸ್ಸೂ ಹೀಗೇ. ಬ್ರೇಕ್ ಇದ್ದೂ ಇಲ್ಲದ ಹಾಗೆ. ಆಗ ಏನು ಮಾಡುತ್ತೇವೆ? ತಿರುವು ಬರುವ ಎಷ್ಟೋ ಮೊದಲೇ ವೇಗ ಇಳಿಸುತ್ತೇವೆ, ಸ್ಟೀರಿಂಗನ್ನು ಕೂದಲೆಳೆಯಷ್ಟು ತಿರುಗಿಸಿ ಕಾಯುತ್ತೇವೆ. ನಮ್ಮ ಡಿಪೋದ ಬಾಗಿಲಲ್ಲಿ ಬಸ್ಸಿನ ಎರಡೂ ಪಕ್ಕ ಉಳಿಯುವುದು ನಾಲ್ಕು ನಾಲ್ಕು ಬೆರಳು. ಅದರಲ್ಲಿ ದಿನಕ್ಕೆ ಎರಡು ಸಲ ನುಗ್ಗುವವಳು ನಾನು. ನಿಲ್ದಾಣ ತಿರುಗುವ ಲಯಕ್ಕೆ ಪೆಡಲಿನಿಂದ ನನ್ನ ಡಬ್ಬವನ್ನೂ ತಿರುಗಿಸುತ್ತಾ, ಉಸಿರು ಬಿಗಿಹಿಡಿದು, ಇರುವೆ ಹರಿದಂತೆ ಒಳಗೆ ಬಿಟ್ಟೆ. ನೌಕೆಯ ಕಾಲುಗಳು ನೆಲ ಮುಟ್ಟಿದ ಸದ್ದಾಯಿತು.

ಅಕ್ಕ ಚಹಾ ತಂದಳು. "ನಿಂತ್ಕೊಳ್ತು" ಅಂದೆ.

"ಏನು ನಿಂತ್ಕೊಳ್ತು? ಗಡಿಯಾರಾನಾ?"

"ಹಡಗು."

ಅಕ್ಕ ಬಾಯಿಂದ ಪಿನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಅವಳು ಪಿನ್ನು ತೆಗೆದಳೆಂದರೆ ವಿಷಯ ಗಂಭೀರ. "ಪುಟ್ಟಿ, ನಿನಗೂ ಇವರ ಗಾಳಿ ಬಡೀತಾ?" ಅಂದಳು. ನನಗೆ ಐವತ್ತೊಂದು ವರ್ಷ. ಅವಳಿಗೆ ನಾನು ಇನ್ನೂ ಪುಟ್ಟಿ.

ಬಡಿದಿತ್ತು. ಅದನ್ನು ಒಪ್ಪಿಕೊಳ್ಳಲು ಇನ್ನೂ ಎರಡು ವಾರ ಹಿಡಿಯಿತು. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಮೂಟೆ ಸಾಗಿಸುವುದು, ಜನರನ್ನು ಒಯ್ಯುವುದು, ಹೇಳಿದ ಹೊತ್ತಿಗೆ ಮುಟ್ಟಿಸುವುದು, ಇಷ್ಟೇ ನಾನು ಮಾಡುತ್ತಿದ್ದದ್ದು. ಯುದ್ಧಗಿದ್ಧ ನನಗೆ ಬೇಕಿರಲಿಲ್ಲ. ಪೆಡಲು ಒತ್ತಿ ಒತ್ತಿ ಮೊಣಕಾಲು ಎಷ್ಟು ಚೆನ್ನಾಗಿ ಮಡಚತೊಡಗಿತೆಂದರೆ, ನಾಲ್ಕನೇ ವಾರ ಡಾಕ್ಟರು "ವ್ಯಾಯಾಮ ನಿಷ್ಠೆಯಿಂದ ಮಾಡ್ತಿದ್ದೀರಿ" ಎಂದು ಬೆನ್ನು ತಟ್ಟಿದರು. ನಾನು ಸುಮ್ಮನೆ ತಟ್ಟಿಸಿಕೊಂಡೆ.

ಭಾವ ನನ್ನನ್ನು ತಮ್ಮ ದಂಡಿಗೆ ಸೇರಿಸಿಕೊಂಡರು. ಸಾಮಾನು ಹೊರಲು ಅವರಿಗೆ ಒಬ್ಬರು ಬೇಕಾಗಿದ್ದರು. ಅಲ್ಲಿ ನನಗೆ ಬಿದ್ದ ಹೆಸರು ಬಸ್ಸು. ಸಂಜೆ ಆರಕ್ಕೆ ಎಲ್ಲರೂ ತಮ್ಮ ತಮ್ಮ ಮನೆಯಿಂದಲೇ ಹೆಡ್‌ಫೋನಿನಲ್ಲಿ ಸೇರುತ್ತಿದ್ದರು. ಆ ಹೊತ್ತಿಗೆ ನನ್ನನ್ನು ಭಾವನ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂರಿಸುತ್ತಿದ್ದರು. ಅದರಲ್ಲಿ ಮಾತು ಕೇಳುತ್ತಿತ್ತು, ಆಟ ನಡೆಯುತ್ತಿರಲಿಲ್ಲ. ಮನೆ ದಲ್ಲಾಳಿ ಒಬ್ಬರು ಉಪ ಕಮಾಂಡರ್. ಹಲ್ಲಿನ ಡಾಕ್ಟರು ಒಬ್ಬರು ಹಿಂಬದಿ ಕಾವಲು. ಔಷಧಿ ಅಂಗಡಿಯವರೊಬ್ಬರು ಗೂಢಚಾರ ವಿಭಾಗದ ಮುಖ್ಯಸ್ಥರು. ಯಾರ ಮೇಲೆ ಗೂಢಚಾರಿಕೆ ಎಂದು ಕೇಳಿದರೆ ಅದು ಗುಟ್ಟು. "ಅಪ್ಪಣೆ ಕಮಾಂಡರ್", "ಸಿದ್ಧ ಕಮಾಂಡರ್" ಎಂದು ತಲೆ ನರೆತ ಗಂಡಸರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ಕೇಳಿದರೆ ಇವರಿಗೆ ಹಗಲೆಲ್ಲ ಯಾರೂ ಮರ್ಯಾದೆ ಕೊಡುವುದಿಲ್ಲವೇನೋ ಅನಿಸುತ್ತಿತ್ತು. ಒಂದು ಸಲ ಹಲ್ಲಿನ ಡಾಕ್ಟರ ಹೆಂಡತಿ ಹಿಂದಿನಿಂದ "ರೀ, ಗ್ಯಾಸ್ ಮುಗೀತು" ಅಂದದ್ದು ಹನ್ನೆರಡು ನೌಕೆಗೂ ಕೇಳಿಸಿತು. ಹಿಂಬದಿ ಕಾವಲು ಐದು ನಿಮಿಷ ಖಾಲಿಯಿತ್ತು.

ಆ ಗುಂಪಿನಲ್ಲಿ ಮನುಷ್ಯರ ಹಾಗೆ ಕಂಡವರು ಒಬ್ಬರೇ. ಅವರನ್ನು ಎಲ್ಲರೂ ಆಮೆ ಅನ್ನುತ್ತಿದ್ದರು. ಮೊದಲು ಸರ್ವೇಯರ್ ಆಗಿದ್ದವರು, ಈಗ ನಿವೃತ್ತರು. ಮಾತು ತೊದಲುತ್ತಿತ್ತು. ಒಂದು ವಾಕ್ಯ ಮುಗಿಸಲು ಹೊತ್ತು ಹಿಡಿಯುತ್ತಿತ್ತು. ಭಾವ ಅವರ ಮಾತು ಮುಗಿಯುವ ತನಕ ಕಾದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. "ಅರ್ಥ ಆಯ್ತು, ಅರ್ಥ ಆಯ್ತು" ಎಂದು ನಡುವೆಯೇ ಕತ್ತರಿಸಿ ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಆಡುತ್ತಿದ್ದವರು ನಾವಿಬ್ಬರೇ ಆದ್ದರಿಂದ ನನಗೂ ಅವರಿಗೂ ಮಾತು ಬೆಳೆಯಿತು. ಯಾರೂ ಹೋಗದ ಗ್ರಹಗಳಿಗೆ ಹೋಗಿ ಬೆಟ್ಟ ಕಣಿವೆ ಅಳೆದು ನಕ್ಷೆ ಮಾಡುವುದೇ ಅವರ ಆಟ. ಎರಡು ವರ್ಷದ ನಕ್ಷೆಗಳನ್ನೆಲ್ಲ ತಮ್ಮ ನೌಕೆಯಲ್ಲೇ ಹೊತ್ತುಕೊಂಡು ತಿರುಗುತ್ತಿದ್ದರು. ನೌಕೆ ನಾಶವಾದರೆ ಎಲ್ಲವೂ ಹೋಗುತ್ತದೆ. "ನಿಲ್ದಾಣಕ್ಕೆ ಹೋಗಿ ಒಪ್ಪಿಸ್ಬಿಡಿ" ಅಂದೆ. "ಇ... ಇನ್ನೊಂದು ಬೆಟ್ಟ ಇದೆ" ಅಂದರು.

ಆರನೇ ವಾರ, ನನ್ನ ರಜೆಯ ಕೊನೆಯ ವಾರ, ದಂಡು ದೊಡ್ಡ ಯಾನಕ್ಕೆ ಹೊರಟಿತು. ಯಾರೂ ಮುಟ್ಟದ ದೂರದ ನಕ್ಷತ್ರವೊಂದನ್ನು ಭಾನುವಾರದೊಳಗೆ ತಲುಪಿ ದಂಡಿನ ಹೆಸರು ಬರೆಸಬೇಕೆಂದು ಭಾವನ ಆಸೆ. ಬೇರೊಂದು ಗುಂಪೂ ಅತ್ತಲೇ ಹೊರಟಿತ್ತಂತೆ, ಗೂಢಚಾರ ವಿಭಾಗದ ಮಾಹಿತಿ. ನಾನು ಎಣ್ಣೆ ಹೊರುವ ನೌಕೆಯಲ್ಲಿ ಹಿಂದೆ. ಅವರು ಸಂಜೆ ಎಷ್ಟು ದೂರ ಹೋಗಿರುತ್ತಾರೋ ನಾನು ಮರುದಿನ ಬೆಳಿಗ್ಗೆ ಅಷ್ಟು ದೂರ ಹೋಗಿ ಸೇರಿಕೊಳ್ಳಬೇಕು.

ಶುಕ್ರವಾರ ಸಂಜೆ ಆಮೆಯ ದನಿ ಬಂತು. "ಕ... ಕಮಾಂಡರ್, ನನ್ನ ಎ... ಎಣ್ಣೆ..."

"ಅರ್ಥ ಆಯ್ತು. ಎಣ್ಣೆ ತುಂಬಿಸ್ಕೊಂಡು ಬನ್ನಿ. ಮುಂದಕ್ಕೆ."

ಅವರು ಹೇಳಲು ಹೊರಟಿದ್ದದ್ದು ಎಣ್ಣೆ ಮುಗಿದಿದೆ ಎಂದು. ದಂಡಿಗಿಂತ ಬಹಳ ಹಿಂದೆ ಉಳಿದು, ದಾರಿಯಿಂದ ದೂರದ ಗ್ರಹವೊಂದನ್ನು ಅಳೆಯಲು ಇಳಿದಿದ್ದರು, ಮೇಲೆದ್ದು ಬರುವಷ್ಟರಲ್ಲಿ ಟ್ಯಾಂಕು ಬರಿದಾಗಿ ಅಲ್ಲೇ ತೇಲುತ್ತಿದ್ದರು. ವಿಷಯ ತಿಳಿದ ಮೇಲೂ ಭಾವ ಹಿಂದಿರುಗಲು ಒಪ್ಪಲಿಲ್ಲ. "ಒಬ್ಬರಿಗೋಸ್ಕರ ಹನ್ನೊಂದು ಜನ ವಾಪಸ್ ಹೋಗೋಕಾಗಲ್ಲ. ನೌಕೆ ಬಿಟ್ಟು ಹೊಸದು ತಗೊಳ್ಳಿ. ಇದು ಕಮಾಂಡರ್ ತೀರ್ಮಾನ." ಅಪಘಾತದ ಅರ್ಜಿಗಳನ್ನು ಅವರು ಹೇಗೆ ನೋಡುತ್ತಾರೆಂದು ನನಗೆ ಆ ಹೊತ್ತು ತಿಳಿದುಹೋಯಿತು.

 ಆಮೆ ಏನು ಅಂದಿದ್ದರೂ ಕೇಳುವವರಿರಲಿಲ್ಲ. ನಾನು ಅವರಿಗೆ ಮೆಸೇಜು ಕಳಿಸಿದೆ: ಆಟ ಮುಚ್ಚಿ, ಗಾಳಿ ಉಳಿಸಿಕೊಳ್ಳಿ, ನಾನು ಬರುತ್ತೇನೆ. ಎಣ್ಣೆಯಿಲ್ಲದ ನೌಕೆಯಲ್ಲಿ ಉಸಿರಾಡುವ ಗಾಳಿಯೂ ಕರಗುತ್ತಾ ಹೋಗುತ್ತದೆ, ಆಟ ಮುಚ್ಚಿದರೆ ಮಾತ್ರ ಅದು ಖರ್ಚಾಗುವುದಿಲ್ಲ. ಅವರ ಬಳಿ ಇದ್ದದ್ದು ಇಪ್ಪತ್ತು ನಿಮಿಷದ ಗಾಳಿ. ನಾನಿದ್ದ ಜಾಗದಿಂದ ಅಲ್ಲಿಗೆ ಮೂರು ಬೆಳಿಗ್ಗೆಯ ದಾರಿ, ಭಾನುವಾರವಿಡೀ ಭಾವ ಯಂತ್ರ ಬಿಟ್ಟು ಏಳುವುದಿಲ್ಲ. ಶನಿವಾರ, ಸೋಮವಾರ, ಮಂಗಳವಾರ ಬೇಕು. ಆದರೆ ಸೋಮವಾರ ನಾನು ಕೆಲಸಕ್ಕೆ ಹಾಜರಾಗಬೇಕಿತ್ತು.

ಶನಿವಾರ ಮಧ್ಯಾಹ್ನ ಡಾಕ್ಟರು ಕಾಲು ಮಡಚಿಸಿ, ಚಾಚಿಸಿ, "ಹೇಗಿದೆ?" ಅಂದರು.

"ಮೆಟ್ಟಿಲಿಳಿಯುವಾಗ ಚುಚ್ಚತ್ತೆ. ಬ್ರೇಕ್ ಜೋರಾಗಿ ಒತ್ತೋಕೆ ಆಗಲ್ಲ ಅನ್ಸತ್ತೆ" ಅಂದೆ.

ಅವರು ಹುಬ್ಬು ಗಂಟಿಕ್ಕಿ ಮತ್ತೊಂದು ಸಲ ಒತ್ತಿ ನೋಡಿದರು. ನಾನು ಹಲ್ಲು ಕಚ್ಚಿ ಮುಖ ಕಿವುಚಿದೆ. ಇನ್ನೊಂದು ವಾರ ರಜೆ ಬರೆದರು. ಹೊಟ್ಟೆನೋವು, ಸೊಂಟನೋವು ಎಂದು ಸುಳ್ಳು ಚೀಟಿ ತರುವ ಡ್ರೈವರುಗಳನ್ನು ನಾನು ಇಪ್ಪತ್ತಾರು ವರ್ಷ ಮುಖಕ್ಕೆ ಹೊಡೆದ ಹಾಗೆ ಬೈದವಳು. ಆ ಚೀಟಿ ಮಡಚಿ ಜೇಬಿಗಿಟ್ಟಾಗ ನನಗೆ ಆದದ್ದು ನಾಚಿಕೆಯಲ್ಲ, ಖುಷಿ. ಅದನ್ನೂ ಹೇಳಿಬಿಡಬೇಕು. ಇನ್ನೂ ಒಂದು ನಿಜವಿದೆ. ನಾನು ನನ್ನ ವಾರದ ರಜೆಗಳಿಗೆ ಕಾಯಬಹುದಿತ್ತು. ಆಮೆ ತಿಂಗಳುಗಟ್ಟಲೆ ಆಟ ಮುಚ್ಚಿಟ್ಟುಕೊಂಡು ಕೂರುವಂಥ ಮನುಷ್ಯ. ಕಾಯಲಾಗದೆ ಇದ್ದವಳು ನಾನು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅವರು ಆಟ ತೆರೆದರು. ಬೂದು ಬಣ್ಣದ ಗ್ರಹ, ಅದರ ಮೇಲೊಂದು ಪುಟ್ಟ ಚುಕ್ಕಿ. ಹುಡುಕಿ ಪಕ್ಕಕ್ಕೆ ಹೋಗುವಷ್ಟರಲ್ಲಿ ಹನ್ನೆರಡು ನಿಮಿಷದ ಗಾಳಿ ಹೋಗಿತ್ತು. ಎಣ್ಣೆಯ ಕೊಳವೆ ಸಿಕ್ಕಿಸಿದ ಮೇಲೆ ನಾಲ್ಕು ನಿಮಿಷ ಎರಡೂ ನೌಕೆ ಸಮಸಮ ತೇಲುತ್ತಿರಬೇಕು. ಒಂದು ಮೊಳ ಜಾರಿದರೂ ಕೊಳವೆ ಕಿತ್ತುಬರುತ್ತದೆ, ಮತ್ತೆ ಸಿಕ್ಕಿಸುವಷ್ಟು ಹೊತ್ತು ಉಳಿದಿರಲಿಲ್ಲ. ನಾನು ಎರಡೂ ಕೋಲು ಹಿಡಿದು, ಎರಡೂ ಕಾಲಿನಿಂದ ಪೆಡಲು ತುಳಿಯುತ್ತಾ ಪರದೆಯಿಂದ ಕಣ್ಣು ಕೀಳದೆ ಕೂತಿದ್ದೆ.

ಹಿಂದೆ ಬಾಗಿಲು ತೆರೆಯಿತು. "ಪುಟ್ಟಿ, ನಿಮ್ಮ ಡಿಪೋದಿಂದ ಬಂದಿದ್ದಾರೆ" ಎಂದು ಅಕ್ಕನ ದನಿ.

ತಿರುಗದೆಯೇ "ಒಂದು ನಿಮಿಷ" ಅಂದೆ.

ಬಂದವರು ಮೀಸೆ. ಅದು ನನಗೆ ಅವರ ಕೆಮ್ಮಿನಿಂದ ಗೊತ್ತಾಯಿತು. ಅವರು ಕೂರಲಿಲ್ಲ. ಆ ಕೋಣೆಯಲ್ಲಿ ಇನ್ನೊಂದು ಕುರ್ಚಿಯೂ ಇರಲಿಲ್ಲ. ಒಂದು ನಿಮಿಷ ಎರಡಾಯಿತು, ಮೂರಾಯಿತು. "ಬ... ಬರ್ತಾ ಇದೆ, ಎಣ್ಣೆ ಬರ್ತಾ ಇದೆ" ಎಂದು ಆಮೆ ಅನ್ನುತ್ತಿದ್ದದ್ದು ನನ್ನ ಕಿವಿಯಲ್ಲಿ. ಬೆನ್ನ ಹಿಂದೆ ಒಬ್ಬ ಮನುಷ್ಯ ಕೈಯಲ್ಲಿ ಚೀಲ ಹಿಡಿದು, ನನ್ನ ಬಲಗಾಲು ಮಡಚುವುದನ್ನೂ ಚಾಚುವುದನ್ನೂ ನೋಡುತ್ತಾ ನಿಂತಿದ್ದ. ನನಗದು ಗೊತ್ತಿತ್ತು. ಆದರೂ ಕಾಲು ನಿಲ್ಲಿಸಲಿಲ್ಲ.

ಕೊಳವೆ ಕಳಚಿತು, ಆಮೆಯ ಎಂಜಿನ್ ಹೊತ್ತಿಕೊಂಡಿತು. ಹೆಡ್‌ಫೋನ್ ತೆಗೆದು ತಿರುಗಿದೆ.

ಮೀಸೆ ಕಿತ್ತಳೆಹಣ್ಣಿನ ಚೀಲವನ್ನು ಮೇಜಿನ ತುದಿಗಿಟ್ಟರು. ಕಣ್ಣು ಕೆಂಪಗಿದ್ದವು. ಯೂನಿಫಾರ್ಮಿನಲ್ಲೇ ಇದ್ದರು.

"ಕಾಲು ಚೆನ್ನಾಗಿ ಮಡಚ್ತಿದೆ" ಅಂದರು.

"ಅದು... ಇದು ಹಾಗಲ್ಲ..."

"ನೋವು ಜಾಸ್ತಿ ಆಗಿದೆ ಅಂದ್ರು ಆಫೀಸಲ್ಲಿ. ಏನಾಯ್ತೋ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ."

"ನಿಮ್ಮ ರಜ?"

"ರದ್ದಾಯ್ತು. ರೂಟಿಗೆ ಜನ ಇಲ್ವಲ್ಲ." ಅಷ್ಟು ಹೇಳಿ ಪರದೆಯ ಕಡೆ ಒಂದು ಸಲ ನೋಡಿದರು. ಅಲ್ಲಿ ಬೂದು ಗ್ರಹ ಸುಮ್ಮನೆ ತಿರುಗುತ್ತಿತ್ತು. ಅದಾದ ಮೇಲೆ ನನ್ನನ್ನು ನೋಡಿದರು. ಭಾವನನ್ನು ನಾನು ಹೇಗೆ ನೋಡುತ್ತೇನೆಂದು ಆ ಕ್ಷಣ ನನಗೇ ಕಂಡಿತು. ಅವರು ಚಪ್ಪಲಿ ಮೆಟ್ಟಿ ಹೊರಟುಹೋದರು. ಅಕ್ಕ ಚಹಾಕ್ಕೆ ಕರೆದರೂ ನಿಲ್ಲಲಿಲ್ಲ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಇವರಿಗಾದ್ರೆ ಮೊದಲಿಂದ್ಲೂ ಬುದ್ಧಿ ಅಷ್ಟಕ್ಕಷ್ಟೆ. ನಿನಗೇನಾಗಿತ್ತು?" ಅಂದಳು.

ನಾನು ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆ. ನಡೆದುಕೊಂಡೇ ಹೋದೆ. ಡಾಕ್ಟರಿಗೆ ನಾಳೆಯಿಂದಲೇ ಕೆಲಸಕ್ಕೆ ಹೋಗಲು ಚೀಟಿ ಬೇಕು ಅಂದೆ.

"ಶನಿವಾರ ಅಷ್ಟು ನೋವಿತ್ತು. ಮೂರೇ ದಿನಕ್ಕೆ ಹೋಯ್ತಾ?"

"ಇರಲಿಲ್ಲ. ನಾನು ಸುಳ್ಳು ಹೇಳ್ದೆ."

"ಯಾಕೆ?"

ಬೇರೆ ಸುಳ್ಳು ಹೊಳೆಯಲಿಲ್ಲ. "ಬಾಹ್ಯಾಕಾಶದಲ್ಲಿ ಒಬ್ಬರಿಗೆ ಎಣ್ಣೆ ಮುಗಿದಿತ್ತು ಡಾಕ್ಟ್ರೇ" ಅಂದೆ.

ಅವರು ಪೆನ್ನು ಕೆಳಗಿಟ್ಟು, ದನಿ ತಗ್ಗಿಸಿ ಕೇಳಿದರು: "ಆ ನೋವಿನ ಮಾತ್ರೆ ಇನ್ನೂ ತಗೋತಿದ್ದೀರಾ?"

ಎಲ್ಲವನ್ನೂ ಬಿಡಿಸಿ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಮುಖದಲ್ಲಿದ್ದ ಕನಿಕರ ಇಳಿದು ಬೇರೇನೋ ಬಂತು. ಚೀಟಿ ಬರೆದು ಮೇಜಿನ ಮೇಲೆ ನನ್ನ ಕಡೆ ತಳ್ಳಿದರು. ಕೈಗೆ ಕೊಡಲಿಲ್ಲ.

ಆ ಸಂಜೆಯೇ ಭಾವ ನನ್ನ ಮೇಲೆ ವಿಚಾರಣೆ ಇಟ್ಟುಕೊಂಡಿದ್ದರು. ಆಮೆ ಖುಷಿಯಲ್ಲಿ ದಂಡಿನ ಫಲಕದ ಮೇಲೆ ನನಗೆ ಧನ್ಯವಾದ ಬರೆದುಬಿಟ್ಟಿದ್ದರು, ಅದರಿಂದ ಎಲ್ಲ ಹೊರಬಿತ್ತು. ಭಾವ ನೀಲಿ ಅಂಗಿ ತೊಟ್ಟು ಕೂತರು. ನನ್ನನ್ನು ಅದೇ ಕೋಣೆಯಲ್ಲಿ, ಮೂರಡಿ ದೂರದಲ್ಲಿ ಅಡುಗೆಮನೆಯ ಸ್ಟೂಲ್ ಹಾಕಿ ಕೂರಿಸಿ, ಇನ್ನೊಂದು ಹೆಡ್‌ಫೋನ್ ಕೊಟ್ಟರು. ಬಾಯಲ್ಲಿ ಹೇಳಬಹುದಾದ್ದನ್ನು ಮೈಕಿನಲ್ಲೇ ಹೇಳಬೇಕಂತೆ, ನಿಯಮ.

"ಸದಸ್ಯೆ ಬಸ್ಸು, ಕಮಾಂಡರ್ ಆಜ್ಞೆ ಮೀರಿ ಎಣ್ಣೆಯ ನೌಕೆಯನ್ನ ಹಿಂದಕ್ಕೆ ತಿರುಗಿಸಿದ್ದು ನಿಜವೇ?"

"ನಿಜ."

"ಅದರಿಂದ ದಂಡಿಗೆ ಎಣ್ಣೆ ಕಡಿಮೆಯಾಗಿ ಎರಡು ನೌಕೆ ದಾರಿಯಲ್ಲೇ ಉಳೀಬೇಕಾಯ್ತು. ಗೊತ್ತೇ?"

"ಉಳಿದವರು ಮುಟ್ಟಿದ್ರಾ?"

"ಭಾನುವಾರ ಸಂಜೆ ಐದಕ್ಕೆ ಮುಟ್ಟಿದ್ವಿ."

"ಮುಟ್ಟಿ ಏನು ಮಾಡಿದ್ರಿ ಭಾವ?"

ಭಾವ ಜೇಬಿನ ಮೇಲಿನ ಬಿಲ್ಲೆ ಸರಿಮಾಡಿಕೊಂಡರು. "ಫೋಟೋ ತೆಗೆದ್ವಿ" ಅಂದರು ಹಲ್ಲಿನ ಡಾಕ್ಟರು.

ಬೇರೆ ದಿನವಾಗಿದ್ದರೆ ಆ ಒಂದು ಮಾತಿಗೆ ಅವರೆಲ್ಲರ ನೀರಿಳಿಸಿಬಿಡುತ್ತಿದ್ದೆ. ದಾರಿಯಲ್ಲಿ ಒಬ್ಬರನ್ನು ಬಿಟ್ಟುಹೋಗುವವರು ಎಂಥ ಡ್ರೈವರು ಎಂದು ಕೇಳಬೇಕೆಂದು ಮೂರು ದಿನದಿಂದ ಮಾತು ಹೊಂದಿಸಿಟ್ಟುಕೊಂಡಿದ್ದೆ. ಆದರೆ ಮೇಜಿನ ತುದಿಯಲ್ಲಿ ಕಿತ್ತಳೆ ಚೀಲ ಇನ್ನೂ ಹಾಗೇ ಇತ್ತು. 

"ಕ... ಕಮಾಂಡರ್" ಎಂದು ಆಮೆಯ ದನಿ ಬಂತು. "ನಾ... ನಾನೊಂದು ಮಾತು..."

"ಅರ್ಥ ಆಯ್ತು. ಸದಸ್ಯೆ ಬಸ್ಸನ್ನ ದಂಡಿನಿಂದ ವಜಾ ಮಾಡಲಾಗಿದೆ. ಸಭೆ ಮುಗೀತು" ಎಂದು ಭಾವ ಗುಂಡಿ ಒತ್ತಿದರು. ಆಮೆಯ ಮಾತು ಅರ್ಧದಲ್ಲೇ ನಿಂತಿತು. ಅವರು ಹೇಳಲಿದ್ದದ್ದು ತಾವೂ ದಂಡು ಬಿಡುವುದಾಗಿ. ಅದು ಭಾವನಿಗೆ ತಿಳಿಯಲು ಎರಡು ವಾರ ಬೇಕಾಯಿತು.

ಮರುದಿನ ಬೆಳಿಗ್ಗೆ ಡ್ಯೂಟಿಗೆ ಹಾಜರಾದೆ. ಮೀಸೆ ನಾಲ್ಕು ದಿನ ತಡವಾಗಿ ಮಗಳ ಊರಿಗೆ ಹೋದರು. ಅಷ್ಟರಲ್ಲಿ ಅವರ ಹೆಂಡತಿ ಮೊಮ್ಮಗುವನ್ನು ನೋಡಿ ವಾಪಸು ಬಂದಿದ್ದರಂತೆ. ಗಂಡ ಹೆಂಡತಿ ಜೊತೆಯಾಗಿ ಹೋಗಬೇಕೆಂದಿದ್ದವರು. ಇದನ್ನು ನನಗೆ ಹೇಳಿದವರು ಅವರಲ್ಲ, ಡಿಪೋದ ಮೆಕ್ಯಾನಿಕ್ಕು. ಬಸ್ಸು ಬದಲಾಯಿಸಿಕೊಳ್ಳುವಾಗ "ಕ್ಲಚ್ ಬಿಗಿ ಇದೆ", "ಹಿಂದಿನ ಬಾಗಿಲು ಅಂಟತ್ತೆ" ಎಂಬಷ್ಟನ್ನು ಬಿಟ್ಟು ಮೀಸೆ ನನ್ನ ಜೊತೆ ಮಾತಾಡುತ್ತಿರಲಿಲ್ಲ. ನಾನು ಎರಡು ಸಲ ಕ್ಷಮೆ ಕೇಳಲು ಹೋದೆ. ಎರಡೂ ಸಲ ಅವರು ಕೀ ನನ್ನ ಕೈಗಿಟ್ಟು ನಡೆದರು.

ಭಾವ ಆರು ತಿಂಗಳಲ್ಲಿ ಬಾಹ್ಯಾಕಾಶದಿಂದ ಕೈತೊಳೆದುಕೊಂಡರು. ಆಮೆ ಬಿಟ್ಟ ಮೇಲೆ ದಾರಿ ತೋರಿಸುವವರಿಲ್ಲದೆ ದಂಡು ಎರಡಾಯಿತು, ಮನೆ ದಲ್ಲಾಳಿ ತಾನೇ ಕಮಾಂಡರ್ ಆದ. ಈಗ ಭಾವನಿಗೆ ಬಸ್ ಓಡಿಸುವ ಆಟ ಹತ್ತಿದೆ. ಹೋದ ಸಲ ಊಟಕ್ಕೆ ಹೋದಾಗ, ಉದ್ದದ ಬಸ್ಸನ್ನು ತಿರುವಿನಲ್ಲಿ ಹೇಗೆ ತಿರುಗಿಸಬೇಕೆಂದು ಕಾಲು ಗಂಟೆ ನನಗೆ ಪಾಠ ಹೇಳಿದರು. ಅಕ್ಕ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಕೆಮ್ಮಿದಳು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.

ನಾನೂ ಬಿಟ್ಟಿಲ್ಲ. ಬಿಟ್ಟೆ ಎಂದು ಹೇಳಿದರೆ ಅದೂ ಒಂದು ಸುಳ್ಳಾಗುತ್ತದೆ. ನನ್ನ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ, ಒಂದೇ ಪರದೆ. ಪೆಡಲು ಇಲ್ಲ. ವಾರದ ರಜೆಯ ದಿನ ಬಟ್ಟೆ ಒಗೆದು ಹಾಕಿದ ಮೇಲೆ ಎರಡು ಗಂಟೆ. ಆಮೆ ತಮ್ಮ ನಕ್ಷೆಗಳನ್ನು ಕೊನೆಗೂ ನಿಲ್ದಾಣಕ್ಕೆ ಒಪ್ಪಿಸಿದರು. ಈಗ ಹೊಸದಾಗಿ ಶುರು ಮಾಡಿದ್ದಾರೆ. ನಾನು ಎಣ್ಣೆ ಹೊತ್ತುಕೊಂಡು ಅವರ ಹಿಂದೆ ಹೋಗುತ್ತೇನೆ. ನೋಡುವವರಿಗೆ ನಾವಿಬ್ಬರೂ ಹುಚ್ಚರ ಹಾಗೇ ಕಾಣುತ್ತೇವೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಮೊನ್ನೆ ಶಿಫ್ಟ್ ಬದಲಾಗುವಾಗ ಮೀಸೆ ಸೀಟಿನಿಂದ ಇಳಿದು, ಕೀ ಕೊಡದೆ ಸ್ವಲ್ಪ ಹೊತ್ತು ನಿಂತರು. ಹನ್ನೊಂದು ತಿಂಗಳಾಗಿತ್ತು.

"ಅವತ್ತು ಏನು ಮಾಡ್ತಿದ್ರಿ ಅಲ್ಲಿ? ನನ್ನ ಅಷ್ಟು ಹೊತ್ತು ನಿಲ್ಲಿಸಿ?" ಅಂದರು.

ಹೇಳಿದೆ. ಬೂದು ಗ್ರಹ, ತೊದಲುವ ಸರ್ವೇಯರು, ನಾಲ್ಕು ನಿಮಿಷದ ಕೊಳವೆ, ಎಲ್ಲ. ಡಿಪೋ ಬಾಗಿಲಲ್ಲಿ ನಿಂತು ಹೇಳುವಾಗ ಅದು ಇನ್ನಷ್ಟು ಹುಚ್ಚುತನದ ಹಾಗೆ ಕೇಳಿಸಿತು.

"ಅಂದ್ರೆ ಗೊಂಬೆ ಹಡಗಿಗೆ ಗೊಂಬೆ ಎಣ್ಣೆ."

"ಹೌದು."

"ಅದಕ್ಕೆ ನನ್ನ ರಜ ಹೋಯ್ತು."

"ಹೌದು."

ಮೀಸೆ ಕೀ ನನ್ನ ಕೈಗಿಟ್ಟರು. ಎರಡು ಹೆಜ್ಜೆ ಹೋಗಿ ತಿರುಗಿ, "ಎಡಗಡೆ ಕನ್ನಡಿ ಸಡಿಲ ಆಗಿದೆ. ನೋಡ್ಕೊಂಡು ಹೋಗಿ" ಅಂದರು. ನಾನು ಹತ್ತಿ ಕೂತು ಕನ್ನಡಿ ಬಿಗಿ ಮಾಡಿದೆ.